ಕೊಳಗ ಯಾರ ಕೈಯಲ್ಲಿ?

ಕಳೆದ ಸಂಚಿಕೆಯ ಒಂದು ಉತ್ತರದಲ್ಲಿ ನಾನು ಹೀಗೆ ಬರೆದಿದ್ದೆ: ‘ಜನರ ಹೆಸರು ಹೇಳಿ ಗೆದ್ದು ಬರುವ ನಾಯಕರು, ದೇಶದೇಶಗಳ ನಡುವಿನ ಬರಹವಿಲ್ಲದ ಸಹಕಾರವನ್ನು ಮೊದಲು ಒಣಗಿಸುತ್ತಾರೆ.’ ಇಂಥ ನಾಯಕರ ರಾಜಕೀಯಕ್ಕೆ ಪಾಪ್ಯುಲಿಸಂ ಅನ್ನುತ್ತಾರೆ. ಬರಹವಿಲ್ಲದ ಸಹಕಾರ ಅಂದರೆ ಒಪ್ಪಂದ, ಸಹಿ ಇಲ್ಲದೆ ದೇಶಗಳು ಮಾತಾಡಿಕೊಂಡು ನಡೆಸುವ ಕೆಲಸ. ಆ ಒಂದು ಸಾಲಿಗೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಕೆಲವರು ಒಪ್ಪಿದ್ದಾರೆ. ಜಾಸ್ತಿ ಜನ ಜಗಳ ತೆಗೆದಿದ್ದಾರೆ. ತೀರ್ಥಹಳ್ಳಿ ಕಡೆಯ ನಮ್ಮ ತೋಟದ ಮನೆಯಲ್ಲಿ ಮೂರು ದಿನದಿಂದ ಮಳೆ ಬಿಟ್ಟಿಲ್ಲ, ಕರೆಂಟೂ ಇಲ್ಲ. ಪತ್ರಗಳನ್ನೆಲ್ಲ ಜಗುಲಿಯಲ್ಲಿ ಹರಡಿಕೊಂಡು ಕೂತಿದ್ದೇನೆ. ಈ ಸಲ ಬೇರೆ ವಿಷಯದ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟಿದ್ದೇನೆ.

ಪಾಪ್ಯುಲಿಸಂ ಅಂದರೆ ಪುಕ್ಕಟೆ ಯೋಜನೆಗಳು ಅಲ್ವಾ ಮೇಡಂ? ಅದಕ್ಕೂ ವಿದೇಶದ ವ್ಯವಹಾರಕ್ಕೂ ಏನು ಸಂಬಂಧ?
— ಪದವಿ ವಿದ್ಯಾರ್ಥಿನಿ, ಶಿವಮೊಗ್ಗ

ನಮ್ಮಲ್ಲಿ ಆ ಪದವನ್ನು ಹಾಗೆ ಬಳಸಿ ಬಳಸಿ ಗೊಂದಲವಾಗಿದೆ. ಉಚಿತ ಬಸ್ಸು, ಉಚಿತ ಅಕ್ಕಿ ಸರಿಯೋ ತಪ್ಪೋ ಅನ್ನುವುದು ಬಜೆಟ್ಟಿನ ಪ್ರಶ್ನೆ. ನಾನು ಹೇಳುತ್ತಿರುವುದು ಬೇರೆ. ಒಬ್ಬ ನಾಯಕ ಎದ್ದು ನಿಂತು ಹೀಗೆ ಹೇಳುತ್ತಾನೆ: ‘ಈ ದೇಶದಲ್ಲಿ ನಿಜವಾದ ಜನ ಅಂತ ಇದ್ದಾರೆ. ಅವರ ಮನಸ್ಸು ನನಗೊಬ್ಬನಿಗೇ ಗೊತ್ತು. ನಡುವೆ ಬರುವ ಕೋರ್ಟು, ಅಧಿಕಾರಿ, ಪತ್ರಿಕೆ, ವಿಜ್ಞಾನಿ, ಹೊರದೇಶದ ಸಂಸ್ಥೆ ಎಲ್ಲ ಆ ಜನರ ಶತ್ರುಗಳು.’ ಇದು ಎಡಗಡೆಯಿಂದಲೂ ಬರುತ್ತದೆ, ಬಲಗಡೆಯಿಂದಲೂ ಬರುತ್ತದೆ. ವೆನೆಜುವೆಲಾದ ಹ್ಯೂಗೋ ಚಾವೆಜ್, ಹಂಗೇರಿಯ ವಿಕ್ಟರ್ ಒರ್ಬಾನ್, ಬ್ರೆಜಿಲಿನ ಬೊಲ್ಸನಾರೊ, ಅಮೆರಿಕದ ಟ್ರಂಪ್ ಒಬ್ಬರಿಗೊಬ್ಬರು ಹೋಲುವುದಿಲ್ಲ. ಆದರೆ ಈ ಮಾತು ಮಾತ್ರ ಎಲ್ಲರ ಬಾಯಲ್ಲೂ ಒಂದೇ.

ವಿದೇಶಕ್ಕೆ ಏನು ಸಂಬಂಧ ಅಂದೆಯಲ್ಲ. ಹೊರಗಿನ ಸಂಸ್ಥೆಗೆ ನಮ್ಮ ಊರಲ್ಲಿ ವೋಟಿಲ್ಲ. ಅದರ ಪರವಾಗಿ ಸಂತೆಯಲ್ಲಿ ನಿಂತು ಮಾತಾಡುವವರೂ ಇಲ್ಲ. ಹಾಗಾಗಿ ಅದನ್ನು ಬೈಯುವುದು ಎಲ್ಲಕ್ಕಿಂತ ಸುಲಭ.

ನೀವು ಕಾಲೇಜಿನಲ್ಲಿ ಪಾಠ ಮಾಡಿದವರು. ಜನ ಎದ್ದು ನಿಂತರೆ ನಿಮ್ಮಂಥವರಿಗೆ ಭಯ. ಕಾಗೋಡಿನಲ್ಲಿ ಗೇಣಿದಾರರು ಒಡೆಯರ ವಿರುದ್ಧ ನಿಂತರಲ್ಲ, ಅದೂ ‘ಜನ ಮತ್ತು ದೊಡ್ಡವರು’ ಅನ್ನುವ ಜಗಳವೇ. ಅದನ್ನೂ ಪಾಪ್ಯುಲಿಸಂ ಅಂತೀರಾ?
— ಓದುಗರು, ಸಾಗರ

ಈ ಪತ್ರ ಓದಿ ಎರಡು ದಿನ ಸುಮ್ಮನಿದ್ದೆ. ನೀವು ನನ್ನ ಮನೆಯ ವಿಷಯವನ್ನೇ ಕೇಳಿದ್ದೀರಿ.

ನನ್ನ ಅಜ್ಜ ಗೇಣಿದಾರ. ನಮ್ಮ ಅಟ್ಟದ ಮೇಲೆ ಈಗಲೂ ಒಂದು ಕೊಳಗ ಇದೆ. ಈಗಿನ ಹುಡುಗರಿಗೆ ಹೇಳಬೇಕು, ಕೊಳಗ ಅಂದರೆ ಭತ್ತ ಅಳೆಯುವ ಪಾತ್ರೆ. 1951ರ ಕಾಗೋಡು ಸತ್ಯಾಗ್ರಹ ಶುರುವಾಗಿದ್ದು ಇದರ ಮೇಲೆಯೇ. ಗೇಣಿ ಅಳೆಯುವಾಗ ಒಡೆಯರು ದೊಡ್ಡ ಕೊಳಗ ಬಳಸುತ್ತಾರೆ ಅನ್ನುವುದು ಅಲ್ಲಿನ ದೀವರ ರೈತರ ದೂರು. ಎಚ್. ಗಣಪತಿಯಪ್ಪನವರು ಸಂಘಟನೆ ಕಟ್ಟಿದರು. ಶಾಂತವೇರಿ ಗೋಪಾಲಗೌಡರಂಥ ಸಮಾಜವಾದಿಗಳು ಬೆನ್ನಿಗೆ ನಿಂತರು. ರಾಮಮನೋಹರ ಲೋಹಿಯಾ ಇಲ್ಲಿಗೆ ಬಂದು ಬಂಧನಕ್ಕೊಳಗಾದರು.

ಆ ರೈತರು ಕೇಳಿದ್ದೇನು? ಸರಿಯಾದ ಕೊಳಗ. ಇಬ್ಬರ ಕಣ್ಣೆದುರೂ ಒಂದೇ ಅಳತೆ. ಅಳತೆಯೇ ಬೇಡ ಅಂತ ಅವರು ಒಂದು ದಿನವೂ ಹೇಳಲಿಲ್ಲ. ಅಳತೆ ಇಲ್ಲದಿದ್ದರೆ ರಾಶಿಗೆ ಮೊದಲು ಕೈ ಹಾಕುವವರು ಯಾರು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಆ ಹೋರಾಟ ಬೆಳೆದು ಬೆಳೆದು 1974ರ ಭೂಸುಧಾರಣೆಗೆ ದಾರಿ ಮಾಡಿತು. ಭೂನ್ಯಾಯ ಮಂಡಳಿಗಳು ಬಂದವು. ನಮಗೆ ಈ ತೋಟ ಸಿಕ್ಕಿದ್ದು ಅಂಥ ಒಂದು ಮಂಡಳಿಯ ಒಂದು ಹಾಳೆಯಿಂದ. ಅಜ್ಜ ಆ ಹಾಳೆಯನ್ನು ದೇವರ ಪೆಟ್ಟಿಗೆಯಲ್ಲಿ ಇಟ್ಟಿದ್ದರು.

ಜಗತ್ತಿನ ಮಟ್ಟದಲ್ಲೂ ತಪ್ಪು ಕೊಳಗಗಳಿವೆ. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ 1945ರಿಂದಲೂ ಐದೇ ದೇಶಗಳಿಗೆ ವಿಟೊ, ಅಂದರೆ ಒಬ್ಬರೇ ತೀರ್ಮಾನ ತಡೆಯುವ ಹಕ್ಕು. ದೇಶಗಳಿಗೆ ಸಾಲ ಕೊಡುವ ಐಎಂಎಫ್‌ನಲ್ಲಿ ದೊಡ್ಡ ತೀರ್ಮಾನಕ್ಕೆ ನೂರಕ್ಕೆ 85 ಮತ ಬೇಕು, ಅಮೆರಿಕ ಒಂದರ ಹತ್ತಿರವೇ 16ಕ್ಕಿಂತ ಜಾಸ್ತಿ ಇದೆ, ಅಂದರೆ ಅದು ಒಪ್ಪದೆ ಏನೂ ಆಗದು. ಇದು ಒಡೆಯರ ಕೊಳಗವೇ ಅಲ್ವಾ? ಅದನ್ನು ಬದಲಿಸಿ ಅಂತ ಗಲಾಟೆ ಮಾಡುವವರ ಜೊತೆ ನಾನೂ ಇದ್ದೇನೆ. ಆದರೆ ನಾನು ಬರೆದ ನಾಯಕರು ಕೇಳುತ್ತಿರುವುದು ಸರಿಯಾದ ಕೊಳಗವನ್ನಲ್ಲ. ಅವರು ಕೊಳಗವನ್ನು ಮೆಟ್ಟಿ ಒಡೆಯುತ್ತಾರೆ. ಆಮೇಲೆ ಕೈಯಳತೆ. ಯಾರ ಕೈ ದೊಡ್ಡದೋ ಅವರಿಗೆ ಜಾಸ್ತಿ.

ಒಂದು ಉದಾಹರಣೆ ಕೊಡುತ್ತೇನೆ. ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಮೇಲ್ಮನವಿ ಕೇಳುವ ಒಂದು ಪೀಠ ಇತ್ತು. ‘ಕೊಳಗ ತಪ್ಪಾಗಿದೆ’ ಅಂತ ದೂರು ಕೊಡುವ ಜಾಗ ಅದು. ಅಮೆರಿಕ ಹೊಸ ಸದಸ್ಯರ ನೇಮಕವನ್ನೇ ತಡೆಯಿತು. 2019ರ ಡಿಸೆಂಬರ್‌ನಿಂದ ಆ ಪೀಠ ಕೆಲಸ ಮಾಡುತ್ತಿಲ್ಲ. ಈಗ ಸೋತ ದೇಶ ಅಲ್ಲಿಗೆ ಮೇಲ್ಮನವಿ ಹಾಕಿದರೆ ಕೇಸು ಅಲ್ಲೇ ನಿಂತುಬಿಡುತ್ತದೆ. 2022ರ ಜನವರಿಯಲ್ಲಿ ಸಕ್ಕರೆ ಸಬ್ಸಿಡಿ ಕೇಸಿನಲ್ಲಿ ನಮ್ಮ ದೇಶವೂ ಹಾಗೆಯೇ ಮಾಡಿತು. ನಮಗೆ ಆಗ ಅನುಕೂಲವಾಯಿತು. ಆದರೆ ನಾಳೆ ನಮ್ಮ ಕಾಳುಮೆಣಸಿಗೆ ಅನ್ಯಾಯವಾದಾಗ ನಾವು ಹೋಗಬೇಕಾದ್ದು ಅದೇ ಖಾಲಿ ಕೋಣೆಗೆ.

ಜಿ-20ಗೆ ಕಚೇರಿ ಇಲ್ಲ, ಕಾನೂನಿಲ್ಲ, ಶಿಕ್ಷೆ ಕೊಡುವ ಅಧಿಕಾರವಿಲ್ಲ. ವರ್ಷಕ್ಕೊಮ್ಮೆ ಸೇರಿ ಊಟ ಮಾಡುತ್ತಾರೆ. ಇಂಥದ್ದು ಇದ್ದರೆಷ್ಟು, ಬಿಟ್ಟರೆಷ್ಟು?
— ಬ್ಯಾಂಕ್ ಉದ್ಯೋಗಿ, ಭದ್ರಾವತಿ

ನಿಮ್ಮ ಬ್ಯಾಂಕಿನಿಂದಲೇ ಶುರು ಮಾಡೋಣ. ಗ್ರಾಹಕರ ಹತ್ತಿರ ನೀವು ಕೆವೈಸಿ ಕೇಳುತ್ತೀರಿ. ಆಧಾರ್ ತನ್ನಿ, ಪ್ಯಾನ್ ತನ್ನಿ, ಫೋಟೊ ತನ್ನಿ ಅಂತ. ನಮ್ಮ ರಿಸರ್ವ್ ಬ್ಯಾಂಕಿನ ನಿಯಮ ಅದು, ನಿಜ. ಆದರೆ ಅದರ ಬೇರು ಎಫ್‌ಎಟಿಎಫ್ ಅನ್ನುವ ಒಂದು ಕೂಟದಲ್ಲಿದೆ. 1989ರಲ್ಲಿ ಪ್ಯಾರಿಸಿನಲ್ಲಿ ಸೇರಿದ್ದ ಜಿ-7 ಅನ್ನುವ ಏಳು ಶ್ರೀಮಂತ ದೇಶಗಳು ಕಳ್ಳಹಣ ತಡೆಯಲು ಅದನ್ನು ಹುಟ್ಟುಹಾಕಿದವು. ಅದರ ಹಿಂದೆ ಒಪ್ಪಂದ ಇಲ್ಲ, ಯಾವ ದೇಶದ ಸಂಸತ್ತೂ ಅದಕ್ಕೆ ಮುದ್ರೆ ಒತ್ತಿಲ್ಲ. ಇರುವುದು 40 ಶಿಫಾರಸುಗಳು ಮಾತ್ರ. ಭಾರತ 2010ರಲ್ಲಿ ಸದಸ್ಯನಾಯಿತು. ಹೀಗೆ ಸುಮ್ನೆ ಕೂತು ಮಾತಾಡಿದ್ದು ಭದ್ರಾವತಿಯ ಕೌಂಟರಿನವರೆಗೂ ಬಂದಿದೆ ನೋಡಿ. ಪಾಕಿಸ್ತಾನ 2018ರಿಂದ 2022ರವರೆಗೆ ಇವರ ಬೂದು ಪಟ್ಟಿಯಲ್ಲಿತ್ತು, ಅಂದರೆ ನಿಗಾ ಇಡಬೇಕಾದ ದೇಶಗಳ ಪಟ್ಟಿಯಲ್ಲಿ. ಆ ಪಟ್ಟಿಯಿಂದ ಹೊರಬರಲು ತನ್ನ ಕಾನೂನುಗಳನ್ನೇ ತಿದ್ದಿಕೊಂಡಿತು. ಪೊಲೀಸರಿಲ್ಲದೆ ಆದ ಕೆಲಸ ಅದು.

ದೊಡ್ಡ ಆರ್ಥಿಕತೆಗಳ ಕೂಟವಾದ ಜಿ-20 ಕೂಡ ಹಾಗೆಯೇ. ಏಷ್ಯಾದ ಹಣಕಾಸು ಬಿಕ್ಕಟ್ಟಿನ ನಂತರ 1999ರಲ್ಲಿ ಹಣಕಾಸು ಮಂತ್ರಿಗಳ ಕೂಟವಾಗಿ ಶುರುವಾಯಿತು. 2008ರ ನವೆಂಬರ್‌ನಲ್ಲಿ ಮೊದಲ ಬಾರಿ ದೇಶಗಳ ನಾಯಕರೇ ವಾಷಿಂಗ್ಟನ್‌ನಲ್ಲಿ ಸೇರಿದರು. ಆಗ ಬ್ಯಾಂಕುಗಳು ಮುಳುಗುತ್ತಿದ್ದವು. ಮುಂದಿನ ಏಪ್ರಿಲ್‌ನಲ್ಲಿ ಲಂಡನ್ನಿನಲ್ಲಿ 1.1 ಲಕ್ಷ ಕೋಟಿ ಡಾಲರ್ ನೆರವಿಗೆ ಒಪ್ಪಿದರು. ಒಪ್ಪಂದ ಬರೆದು, ಸಹಿ ಹಾಕಿ, ಸಂಸತ್ತಿಗೆ ಒಯ್ದು ಮಾಡುವುದಾಗಿದ್ದರೆ ವರ್ಷಗಟ್ಟಲೆ ಹಿಡಿಯುತ್ತಿತ್ತು.

ನಮ್ಮ ಮುಯ್ಯಾಳು ಪದ್ಧತಿ ನೆನಪಿದೆಯಲ್ಲ? ಇವತ್ತು ನಾನು ನಿಮ್ಮ ಗದ್ದೆ ನೆಟ್ಟಿಗೆ ಬಂದರೆ ನಾಳೆ ನೀವು ನನ್ನ ಗದ್ದೆಗೆ ಬರುತ್ತೀರಿ. ಅದಕ್ಕೆ ಪುಸ್ತಕ ಇಲ್ಲ, ಅಧ್ಯಕ್ಷರಿಲ್ಲ. ಆದರೂ ಲೆಕ್ಕ ತಪ್ಪುತ್ತಿರಲಿಲ್ಲ. ಅಡಿಕೆ ಸುಲಿತದ ರಾತ್ರಿಗಳಲ್ಲಿ ನಮ್ಮ ಕೇರಿ ಪೂರ್ತಿ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುತ್ತಿತ್ತು. ಅಮ್ಮ ಮೆಟ್ಟುಗತ್ತಿಯ ಮುಂದೆ ಕೂತರೆ ಹನ್ನೆರಡು ಗಂಟೆಗೂ ಏಳುತ್ತಿರಲಿಲ್ಲ. ‘ಅವರು ನಮ್ಮನೆಗೆ ಬಂದಿದ್ದಾರಲ್ಲ’ ಅನ್ನುವ ಒಂದೇ ಮಾತು.

ಇದೇ ನಾಯಕರು ಎಲ್ಲ ಶೃಂಗಸಭೆಗೂ ಹೋಗುತ್ತಾರೆ, ಅಪ್ಪಿಕೊಳ್ಳುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. ಹಾಗಿದ್ದ ಮೇಲೆ ಸಹಕಾರ ಒಣಗಿಸುತ್ತಾರೆ ಅಂತ ಹೇಗೆ ಹೇಳ್ತೀರಿ?
— ನಿವೃತ್ತ ಶಿಕ್ಷಕರು, ಹೊಸನಗರ

ಬಂದ ಪತ್ರಗಳಲ್ಲೆಲ್ಲ ನನ್ನನ್ನು ಜಾಸ್ತಿ ಯೋಚಿಸುವಂತೆ ಮಾಡಿದ ಪ್ರಶ್ನೆ ಇದು ಸರ್. ನಿಮ್ಮ ಮಾತು ನಿಜ. ಅವರಿಗೆ ಶೃಂಗಸಭೆ ಇಷ್ಟ. ಅಲ್ಲಿ ನಿಯಮ ಕಡಿಮೆ, ಕ್ಯಾಮೆರಾ ಜಾಸ್ತಿ. ಇಬ್ಬರು ದೊಡ್ಡವರು ಕೈಕುಲುಕಿದರೆ ಸಾಕು, ‘ನಾನೇ ಎಲ್ಲ ಮುಗಿಸಿದೆ’ ಅಂತ ಊರಿಗೆ ಬಂದು ಹೇಳಬಹುದು.

ಆದರೆ ಬರಹವಿಲ್ಲದ ಸಹಕಾರದಲ್ಲಿ ಎರಡು ಬಗೆ ಇದೆ. ಒಂದು ನಾಯಕರದ್ದು, ಫೋಟೊ ಬರುವಂಥದ್ದು. ಇನ್ನೊಂದು ಅಧಿಕಾರಿಗಳದ್ದು, ವಿಜ್ಞಾನಿಗಳದ್ದು. ಈ ದೇಶದ ರೋಗ ವಿಭಾಗದವರು ಆ ದೇಶದವರಿಗೆ ಫೋನ್ ಮಾಡಿ ‘ನಿಮ್ಮಲ್ಲಿ ಹೊಸ ಜ್ವರ ಕಾಣಿಸಿದೆಯಂತೆ, ಏನದು?’ ಅಂತ ಕೇಳುವುದು. ಒಂದು ದೇಶದ ಬ್ಯಾಂಕ್ ತಪಾಸಣೆಯವರು ಇನ್ನೊಂದು ದೇಶದವರನ್ನು ಎಚ್ಚರಿಸುವುದು. ಫೋಟೊ ಬರುವ ಸಹಕಾರ ನಡೆಯುವುದೇ ಇದರ ಮೇಲೆ. ಶೃಂಗಸಭೆಯ ಹೇಳಿಕೆಯ ಒಂದೊಂದು ಪದಕ್ಕೂ ಅಧಿಕಾರಿಗಳು ತಿಂಗಳುಗಟ್ಟಲೆ ಬೆವರು ಸುರಿಸಿರುತ್ತಾರೆ. 2023ರ ಜುಲೈಯಲ್ಲಿ ನಮ್ಮ ಹಂಪಿಯಲ್ಲಿ ಜಿ-20ರ ಶೆರ್ಪಾಗಳು, ಅಂದರೆ ನಾಯಕರ ಪರವಾಗಿ ಮಾತುಕತೆ ನಡೆಸುವ ಪ್ರತಿನಿಧಿಗಳು, ಸೇರಿದ್ದು ಇಂಥ ಕೆಲಸಕ್ಕೇ. ಸೆಪ್ಟೆಂಬರ್‌ನ ದೆಹಲಿ ಹೇಳಿಕೆಯ ಹಿಂದೆ ಅಂಥ ಎಷ್ಟೋ ಸಭೆಗಳಿವೆ.

ನಾಯಕ ಬಂದು ಇದನ್ನು ಹೇಗೆ ಒಡೆಯುತ್ತಾನೆ ನೋಡಿ. 2018ರ ಜೂನ್‌ನಲ್ಲಿ ಕೆನಡಾದ ಶಾರ್ಲವಾದಲ್ಲಿ ಜಿ-7 ಸಭೆ. ಹೇಳಿಕೆಗೆ ಎಲ್ಲರೂ ಒಪ್ಪಿದ್ದರು. ಟ್ರಂಪ್ ಬೇಗ ಹೊರಟು ಸಿಂಗಾಪುರದ ವಿಮಾನ ಹತ್ತಿದರು. ವಿಮಾನದಿಂದಲೇ ಒಂದು ಟ್ವೀಟ್, ‘ನಮ್ಮ ಒಪ್ಪಿಗೆ ಇಲ್ಲ’ ಅಂತ. ಅಲ್ಲಿಗೆ ಮುಗಿಯಿತು. ಮುಂದಿನ ವರ್ಷ ಫ್ರಾನ್ಸಿನ ಬಿಯಾರಿಟ್ಜ್‌ನಲ್ಲಿ ಅಲ್ಲಿನ ಅಧ್ಯಕ್ಷ ಮಕ್ರಾನ್ ಉದ್ದದ ಹೇಳಿಕೆಯ ಆಸೆಯನ್ನೇ ಬಿಟ್ಟರು. ಒಂದೇ ಪುಟ ಬಂತು. 2020ರ ಮಾರ್ಚ್‌ನಲ್ಲಿ ಕೊರೊನಾ ಜಗತ್ತನ್ನೇ ಹಿಡಿದಿತ್ತು. ಜಿ-7ರ ವಿದೇಶಾಂಗ ಮಂತ್ರಿಗಳಿಗೆ ಆಗಲೂ ಜಂಟಿ ಹೇಳಿಕೆ ಕೊಡಲು ಆಗಲಿಲ್ಲ. ಅದನ್ನು ‘ವುಹಾನ್ ವೈರಸ್’ ಅಂತಲೇ ಕರೆಯಬೇಕು ಅಂತ ಅಮೆರಿಕ ಹಟ ಹಿಡಿಯಿತು. ಜನ ಸಾಯುತ್ತಿದ್ದಾಗ ಹೆಸರಿಗಾಗಿ ಜಗಳ. ಈಗ ನೆನೆದರೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಇನ್ನೊಂದು ವಿಷಯ. ಬರೆದ ಒಪ್ಪಂದ ಬಿಡಲು ಹೊತ್ತು ಬೇಕು. ವಿಶ್ವ ಆರೋಗ್ಯ ಸಂಸ್ಥೆ ಬಿಡುತ್ತೇವೆ ಅಂತ ಅಮೆರಿಕ 2025ರ ಜನವರಿಯಲ್ಲಿ ಹೇಳಿತು. ಕಾಗದದ ಪ್ರಕಾರ ಹೊರಹೋಗಲು ಒಂದು ವರ್ಷ ಹಿಡಿಯಿತು. ಆದರೆ ಅಲ್ಲಿನ ರೋಗ ನಿಯಂತ್ರಣ ಕೇಂದ್ರ ಸಿಡಿಸಿಯ ಸಿಬ್ಬಂದಿಗೆ ವಿಶ್ವ ಆರೋಗ್ಯ ಸಂಸ್ಥೆಯ ಜೊತೆ ಮಾತುಕತೆ ನಿಲ್ಲಿಸಿ ಅಂತ ಆದೇಶ ಬಂದಿದ್ದು ಅದೇ ತಿಂಗಳು, ಒಂದು ವಾರದೊಳಗೆ. ಬರಹ ಒಂದು ವರ್ಷ ಬಾಳಿತು. ಫೋನು ಒಂದೇ ವಾರದಲ್ಲಿ ಸತ್ತಿತು. ಕಳೆದ ಸಲ ನಾನು ‘ಮೊದಲು ಒಣಗಿಸುತ್ತಾರೆ’ ಅಂತ ಬರೆದದ್ದು ಇದಕ್ಕೇ.

ನಮ್ಮ ಹಳ್ಳದ ಕತೆಯೂ ಹೀಗೇ ಆಯಿತು. ಪ್ರತಿ ವರ್ಷ ಮಳೆ ನಿಂತ ಮೇಲೆ ಹದಿಮೂರು ಮನೆಯವರು ಸೇರಿ ಹಳ್ಳಕ್ಕೆ ಒಡ್ಡು ಹಾಕುತ್ತಿದ್ದೆವು. ಕಲ್ಲು, ಮಣ್ಣು, ಸೊಪ್ಪು. ತೋಟ ದೊಡ್ಡದಿರುವ ಮನೆಯಿಂದ ಇಬ್ಬರು, ಚಿಕ್ಕದಿರುವ ಮನೆಯಿಂದ ಒಬ್ಬರು. ಯಾರೂ ಬರೆದಿಟ್ಟಿದ್ದಲ್ಲ. ಒಂದು ವರ್ಷ ಚುನಾವಣೆಗೆ ನಿಂತಿದ್ದ ಒಬ್ಬರು ಮೇಲಿನ ಕೇರಿಯಲ್ಲಿ ಭಾಷಣ ಮಾಡಿದರು. ‘ನಮ್ಮ ಬೆವರಲ್ಲಿ ಕೆಳಗಿನ ಕೇರಿ ತೋಟ ಯಾಕೆ ತಣ್ಣಗಿರಬೇಕು?’ ಅಂದರು. ಚಪ್ಪಾಳೆ ಬಿತ್ತು. ಆ ವರ್ಷ ಏಳು ಮನೆ ಬರಲಿಲ್ಲ. ಫೆಬ್ರವರಿಗೆ ಒಡ್ಡು ಕುಸಿಯಿತು. ಮಾರ್ಚ್‌ನಲ್ಲಿ ಮೇಲಿನ ಕೇರಿಯ ಬಾವಿಗಳಲ್ಲೂ ನೀರು ಇಳಿಯಿತು. ಒಡ್ಡಿನಲ್ಲಿ ನಿಂತ ನೀರು ಮಣ್ಣಿನೊಳಗಿಂದ ಅವರ ಬಾವಿಗೂ ಹೋಗುತ್ತಿತ್ತು ಅಂತ ಗೊತ್ತಾಗಿದ್ದು ಆವಾಗಲೇ.

ನಾನು ಆಶಾ ಕಾರ್ಯಕರ್ತೆ. ನಮ್ಮ ಕಡೆ ಬೇಸಿಗೆ ಬಂತು ಅಂದರೆ ಮಂಗನ ಕಾಯಿಲೆ ಭಯ. ಅಮೆರಿಕ ವಿಶ್ವ ಆರೋಗ್ಯ ಸಂಸ್ಥೆ ಬಿಟ್ಟರೆ ನಮಗೇನಾಗಬೇಕು?
— ಸೊರಬ

ತಾಯಿ, ನಿಮ್ಮ ಊರಿನ ಹೆಸರೇ ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿದೆ. ಮಂಗನ ಕಾಯಿಲೆಗೆ ಅಲ್ಲಿ ಕ್ಯಾಸನೂರು ಫಾರೆಸ್ಟ್ ಡಿಸೀಸ್ ಅಂತ ಹೆಸರು. ಕ್ಯಾಸನೂರು ಕಾಡು ಇರುವುದು ಸೊರಬ ತಾಲ್ಲೂಕಿನಲ್ಲಿ.

1957ರಲ್ಲಿ ಅಲ್ಲಿ ಮಂಗಗಳು ಸಾಯತೊಡಗಿದವು. ಕಾಡಿಗೆ ಹೋದವರಿಗೆ ಜ್ವರ ಬಂತು. ಹಳದಿ ಜ್ವರ ಭಾರತಕ್ಕೂ ಬಂತೇನೋ ಅಂತ ದೊಡ್ಡ ಗಾಬರಿ, ಆ ರೋಗದಲ್ಲೂ ಮಂಗಗಳು ಸಾಯುತ್ತವೆ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಓಡಿಬಂದರು. ಆ ಕೇಂದ್ರವನ್ನು ಐದು ವರ್ಷ ಮೊದಲು, 1952ರಲ್ಲಿ, ನಮ್ಮ ಸರ್ಕಾರ ಮತ್ತು ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ ಸೇರಿ ಕಟ್ಟಿದ್ದವು. ಸತ್ತ ಮಂಗದಿಂದ ವೈರಸ್ ಸಿಕ್ಕಿತು. ಅದರ ಹತ್ತಿರದ ಸಂಬಂಧಿ ಎಲ್ಲಿತ್ತು ಗೊತ್ತಾ? ರಷ್ಯಾದ ಕಾಡುಗಳಲ್ಲಿ. ಅಲ್ಲೂ ಉಣುಗಿನಿಂದಲೇ ಹರಡುವ ಮೆದುಳು ಜ್ವರ ಇತ್ತು. ಸೋವಿಯತ್ ವಿಜ್ಞಾನಿಗಳು ಅದನ್ನು 1930ರ ದಶಕದಲ್ಲೇ ಗುರುತಿಸಿದ್ದರು. ಅವರ ತಿಳಿವಳಿಕೆ ಇದ್ದದ್ದರಿಂದಲೇ ಸೊರಬದ ವೈರಸ್ಸನ್ನು ‘ಇದು ಆ ಕುಲದ್ದು’ ಅಂತ ಬೇಗ ಹೇಳಲು ಆಯಿತು. ಆ ರಷ್ಯನ್ ರೋಗಕ್ಕಾಗಿ ಅಮೆರಿಕದಲ್ಲಿ ತಯಾರಾದ ಲಸಿಕೆಯನ್ನು ಮಲೆನಾಡಿನಲ್ಲಿ ಹಾಕಿ ನೋಡಿದರು. ಅದು ಕೆಲಸ ಮಾಡಲಿಲ್ಲ. ಆದರೂ ಯೋಚಿಸಿ. ಅಮೆರಿಕ ಮತ್ತು ರಷ್ಯಾ ಒಬ್ಬರಿಗೊಬ್ಬರು ಅಣುಬಾಂಬು ತೋರಿಸುತ್ತಿದ್ದ ಕಾಲ ಅದು. ಅಂಥ ಕಾಲದಲ್ಲೂ ಇವರಿಬ್ಬರ ತಿಳಿವಳಿಕೆ ಕ್ಯಾಸನೂರಿನಲ್ಲಿ ಒಂದುಗೂಡಿತ್ತು.

ವಲಸೆ ಹಕ್ಕಿಗಳು ಉಣುಗನ್ನು ಹೊತ್ತು ತಂದವಾ ಅಂತ ಇನ್ನೊಂದು ಪ್ರಶ್ನೆ ಎದ್ದಿತ್ತು. ಪಕ್ಷಿತಜ್ಞ ಸಲೀಂ ಅಲಿಯವರ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಕೆಲಸ ಶುರು ಮಾಡಿತು.

ಕತೆಯ ಇನ್ನೊಂದು ಅರ್ಧವನ್ನೂ ಹೇಳಬೇಕು, ಇಲ್ಲದಿದ್ದರೆ ನಿಮಗೆ ಅನ್ಯಾಯವಾಗುತ್ತದೆ. ಮುಂದೆ ಆ ಹಕ್ಕಿ ಅಧ್ಯಯನಕ್ಕೆ ಅಮೆರಿಕದ ಸೈನ್ಯದ ಹಣವೂ ಬಂತು. 1974ರ ಹೊತ್ತಿಗೆ ಪತ್ರಿಕೆಗಳಲ್ಲಿ, ಸಂಸತ್ತಿನಲ್ಲಿ ಗದ್ದಲವೆದ್ದಿತು. ಇದೆಲ್ಲ ರೋಗಾಣು ಯುದ್ಧದ ತಯಾರಿ ಅಂತ. ಅದೇ ಗದ್ದಲದಲ್ಲಿ ದೆಹಲಿಯಲ್ಲಿ ನಡೆಯುತ್ತಿದ್ದ ಸೊಳ್ಳೆ ನಿಯಂತ್ರಣದ ಸಂಶೋಧನೆಯೂ 1975ರಲ್ಲಿ ನಿಂತುಹೋಯಿತು. ಅದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಸೇರಿ ನಡೆಸುತ್ತಿದ್ದ ಯೋಜನೆ. ಜನರ ಅನುಮಾನಕ್ಕೆ ಕಾರಣ ಇತ್ತು ಅಂತಲೇ ನನಗೂ ಅನ್ನಿಸುತ್ತದೆ. ಯಾರ ಹಣ, ಯಾಕೆ ಅಂತ ಮೊದಲೇ ಬಿಚ್ಚಿ ಹೇಳಬೇಕಿತ್ತು. ಬರಹವಿಲ್ಲದ ಸಹಕಾರದ ದೊಡ್ಡ ದೋಷ ಇದೇ. ಯಾರಿಗೂ ಕಾಣದ ಕಡೆ ನಡೆಯುತ್ತದೆ, ಹಾಗಾಗಿ ಯಾರು ಏನು ಕತೆ ಕಟ್ಟಿದರೂ ಅಂಟಿಕೊಳ್ಳುತ್ತದೆ. ಲೆಕ್ಕ ಕೇಳಿ ತಿದ್ದಬಹುದಿತ್ತು. ಬಾಗಿಲು ಹಾಕಿದೆವು. ಸೊಳ್ಳೆಗಳು ಮಾತ್ರ ಎಲ್ಲಿಗೂ ಹೋಗಲಿಲ್ಲ.

2019ರ ಜನವರಿಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಮಂಗನ ಕಾಯಿಲೆಗೆ ಜನ ಸತ್ತಾಗ ನಾನು ಅಲ್ಲಿಗೆ ಹೋಗಿದ್ದೆ. ಅಂಗಳದಲ್ಲಿ ಕೂತು ಮಗನ ಬಗ್ಗೆ ಮಾತಾಡಿದ ಒಬ್ಬ ತಾಯಿಯ ಮುಖ ನನಗೆ ಮರೆಯಲು ಆಗಿಲ್ಲ. ರಕ್ತ ಪರೀಕ್ಷೆಯ ವಿಧಾನ, ಮುಂದೆ ಬರಬೇಕಾದ ಒಳ್ಳೆಯ ಲಸಿಕೆ, ಇವು ಯಾವುವೂ ಒಂದೇ ದೇಶದ ತಲೆಯಲ್ಲಿ ಹುಟ್ಟುವಂಥವಲ್ಲ. ವಿಶ್ವ ಆರೋಗ್ಯ ಸಂಸ್ಥೆ ಇರುವ ಜಿನೀವಾದಲ್ಲಿ ಒಂದು ಕುರ್ಚಿ ಖಾಲಿಯಾದರೆ ಸೊರಬಕ್ಕೆ ಏನಾಗಬೇಕು ಅಂದಿರಿ. ಇಂಥ ಕೂಡಿ ಮಾಡುವ ಕೆಲಸ ಕುಂಟುತ್ತದೆ.

ಅಡಿಕೆ ಕ್ಯಾನ್ಸರ್‌ಕಾರಕ ಅಂತ ಹಣೆಪಟ್ಟಿ ಹಚ್ಚಿದ್ದೇ ಆ ವಿಶ್ವ ಆರೋಗ್ಯ ಸಂಸ್ಥೆ. ಅಂಥದ್ದು ಮುಚ್ಚಿದರೆ ನಮಗೆ ಒಳ್ಳೆಯದೇ. ನೀವೂ ಅಡಿಕೆ ಬೆಳೆಗಾರರೇ ಅಲ್ವಾ?
— ಬೆಳೆಗಾರರು, ಕೊಪ್ಪ

ಹೌದು, ನಮ್ಮ ಊಟ ಅಡಿಕೆಯಿಂದಲೇ. ಇದಕ್ಕೆ ಉತ್ತರ ಬರೆಯಲು ನನಗೆ ಕಷ್ಟವಾಗುತ್ತದೆ. ಆದರೂ ಬರೆಯುತ್ತೇನೆ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಫ್ರಾನ್ಸಿನ ಲಿಯಾನ್‌ನಲ್ಲಿದೆ. 2004ರಲ್ಲಿ ಅದು ಅಡಿಕೆಯನ್ನು ಮೊದಲ ಗುಂಪಿಗೆ ಸೇರಿಸಿತು, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಅನ್ನುವುದಕ್ಕೆ ಸಾಕಷ್ಟು ಆಧಾರ ಇರುವ ಗುಂಪಿಗೆ. ಆ ಸುದ್ದಿ ಬಂದಾಗ ನಾನೂ ಸಿಟ್ಟಾಗಿದ್ದೆ. ಆಮೇಲೆ ನನ್ನ ಸೋದರಮಾವನಿಗೆ ಬಾಯಿ ತೆರೆಯಲು ಆಗದ ಹಾಗಾಯಿತು. ಎಲೆ ಅಡಿಕೆಯ ಕವಳ ಹಾಕದ ದಿನವಿರಲಿಲ್ಲ ಅವರಿಗೆ. ಕೊನೆಯ ಆರು ತಿಂಗಳು ಗಂಜಿಯೂ ನಳಿಗೆಯಲ್ಲಿ ಇಳಿಯಿತು. ಅವರ ಪಕ್ಕದಲ್ಲಿ ಕೂತವಳು ನಾನು. ಅಡಿಕೆಯಿಂದ ಏನೂ ಆಗುವುದಿಲ್ಲ ಅಂತ ಇವತ್ತು ನನ್ನ ಬಾಯಿಂದ ಬರುವುದಿಲ್ಲ.

ಬೆಳೆಗಾರರ ಸಂಕಟ ಬೇರೆ, ಅದೂ ದೊಡ್ಡದೇ. ಎಲೆಚುಕ್ಕಿ ರೋಗ, ಕೊಳೆ, ಕಳ್ಳದಾರಿಯಲ್ಲಿ ಬರುವ ಹೊರಗಿನ ಅಡಿಕೆ. 2022ರಲ್ಲಿ ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಗೆ ಕನಿಷ್ಠ ಆಮದು ಬೆಲೆಯ ಷರತ್ತಿಲ್ಲದೆ ಬಾಗಿಲು ತೆರೆದಾಗ ನಾವೆಲ್ಲ ಕೂಗಾಡಿದೆವು. 2023ರ ಫೆಬ್ರವರಿಯಲ್ಲಿ ಆ ಕನಿಷ್ಠ ಬೆಲೆಯನ್ನು ಕಿಲೋಗೆ 351 ರೂಪಾಯಿಗೆ ಏರಿಸಿದರು. ಕಳ್ಳದಾರಿಯ ಅಡಿಕೆ ತಡೆಯಲು ಏನು ಬೇಕು ಹೇಳಿ? ಮ್ಯಾನ್ಮಾರ್, ಭೂತಾನ್, ಬಾಂಗ್ಲಾದೇಶದ ಕಸ್ಟಮ್ಸ್‌ನವರು ನಮ್ಮವರಿಗೆ ಮಾಹಿತಿ ಕೊಡಬೇಕು. ‘ಹೊರಗಿನವರ ಸಹವಾಸವೇ ಬೇಡ’ ಅಂದರೆ ನಷ್ಟ ಮೊದಲು ನಮಗೇ.

ಕಾಳುಮೆಣಸನ್ನೂ ನೋಡಿ. ನಾವು ಮಾರುವಾಗ ವ್ಯಾಪಾರಿ ಲೀಟರ್ ತೂಕ ನೋಡುತ್ತಾರಲ್ಲ, ಒಂದು ಲೀಟರ್ ಡಬ್ಬಿಗೆ ಎಷ್ಟು ಗ್ರಾಂ ಕಾಳು ಹಿಡಿಯುತ್ತದೆ ಅಂತ? ಅದೂ ಒಂದು ಕೊಳಗವೇ. ಆಹಾರ ಗುಣಮಟ್ಟಕ್ಕೆ ಕೋಡೆಕ್ಸ್ ಅಂತ ಒಂದು ಅಂತರರಾಷ್ಟ್ರೀಯ ವ್ಯವಸ್ಥೆ ಇದೆ. ಅದರ ಸಂಬಾರ ಪದಾರ್ಥಗಳ ಸಮಿತಿಯನ್ನು ನಡೆಸುವುದು ಭಾರತ. ಮೊದಲ ಸಭೆ 2014ರಲ್ಲಿ ಕೊಚ್ಚಿಯಲ್ಲೇ ನಡೆಯಿತು. 2017ರಲ್ಲಿ ಕಾಳುಮೆಣಸಿಗೆ ಜಗತ್ತಿಗೆಲ್ಲ ಒಂದು ಮಾನದಂಡ ಬಂತು. ಅಲ್ಲಿ ನಮ್ಮವರು ಕೂತಿರದಿದ್ದರೆ ಕೊಳಗ ಬೇರೆಯವರ ಕೈಯಲ್ಲಿರುತ್ತಿತ್ತು.

ಪ್ಯಾರಿಸಿನಲ್ಲಿರುವ ಯುನೆಸ್ಕೊದವರು ನಮ್ಮ ಆಗುಂಬೆಯ ಬಗ್ಗೆ ತೀರ್ಮಾನ ಮಾಡುವುದು ಎಷ್ಟು ಸರಿ?
— ಮೇಗರವಳ್ಳಿ

ಯುನೆಸ್ಕೊ ತಾನಾಗಿ ಬಂದು ಕಾಡನ್ನು ವಿಶ್ವ ಪರಂಪರೆಯ ಪಟ್ಟಿಗೆ ಹಾಕುವುದಿಲ್ಲ. ಹೆಸರು ಕೊಡುವುದು ಆಯಾ ದೇಶವೇ. 2012ರಲ್ಲಿ ಪಶ್ಚಿಮ ಘಟ್ಟದ 39 ತಾಣಗಳು ಸೇರಿದವು. ಕರ್ನಾಟಕದ ಹತ್ತರಲ್ಲಿ ಆಗುಂಬೆ ಮೀಸಲು ಅರಣ್ಯವೂ ಒಂದು. ಹೆಸರು ಕಳಿಸುವ ಮೊದಲು ನಿಮ್ಮ ಗ್ರಾಮಸಭೆಯಲ್ಲಿ ಕೂತು ಯಾರೂ ಮಾತಾಡಲಿಲ್ಲ ಅನ್ನುವುದಾದರೆ ಆ ಸಿಟ್ಟು ನ್ಯಾಯವಾದದ್ದು. ಆದರೆ ಅದನ್ನು ತೋರಿಸಬೇಕಾದ್ದು ಬೆಂಗಳೂರು, ದೆಹಲಿ ಕಡೆಗೆ.

2019ರಲ್ಲಿ ಭಾರತ ಆರ್‌ಸಿಇಪಿ ವ್ಯಾಪಾರ ಒಪ್ಪಂದ ಬಿಟ್ಟಿದ್ದೂ ಪಾಪ್ಯುಲಿಸಂ ಅಲ್ವಾ?
— ಹಾಲು ಉತ್ಪಾದಕರು, ಶಿಕಾರಿಪುರ

ನನಗೆ ಹಾಗೆ ಅನ್ನಿಸುವುದಿಲ್ಲ. ವರ್ಷಗಟ್ಟಲೆ ಮೇಜಿನ ಮುಂದೆ ಕೂತು ಮಾತಾಡಿ, ತಕರಾರು ಇಂಥದ್ದು ಅಂತ ಹೇಳಿ, ಒಪ್ಪದೆ ಎದ್ದು ಬಂದದ್ದು ಅದು. ಹಾಲಿನವರ ಭಯಕ್ಕೂ ಅಲ್ಲಿ ಬೆಲೆ ಸಿಕ್ಕಿತು. ಎದ್ದು ಹೋಗುವುದೆಲ್ಲ ಒಂದೇ ಅಲ್ಲ.

ಬಿಟ್ಟುಹೋದ ದೇಶಗಳು ವಾಪಸ್ ಬಂದರೆ ಎಲ್ಲ ಮೊದಲಿನಂತೆ ಆಗುತ್ತಾ?
— ಪಿಯು ವಿದ್ಯಾರ್ಥಿ, ತೀರ್ಥಹಳ್ಳಿ

ಕಾಗದದಲ್ಲಿ ಆಗುತ್ತದೆ. ಹವಾಮಾನದ ಪ್ಯಾರಿಸ್ ಒಪ್ಪಂದವನ್ನು ಅಮೆರಿಕ 2020ರ ನವೆಂಬರ್‌ನಲ್ಲಿ ಬಿಟ್ಟಿತು, 2021ರ ಫೆಬ್ರವರಿಯಲ್ಲಿ ವಾಪಸ್ ಬಂತು, 2026ರ ಜನವರಿಯಲ್ಲಿ ಮತ್ತೆ ಹೊರಗೆ ಹೋಯಿತು. ಒಂದು ಸಹಿ, ಮೂವತ್ತು ದಿನ, ಒಳಗೆ ಬರಲು ಇಷ್ಟೇ ಸಾಕು. ಆದರೆ ಈ ನಡುವೆ ಕೆಲಸ ಬಿಟ್ಟ ಅಧಿಕಾರಿ, ಬೇರೆ ದಾರಿ ಹಿಡಿದ ವಿಜ್ಞಾನಿ ಸಹಿಯಿಂದ ವಾಪಸ್ ಬರುವುದಿಲ್ಲ. ಉಳಿದ ದೇಶಗಳವರೂ ‘ನಾಲ್ಕು ವರ್ಷಕ್ಕೆ ಮತ್ತೆ ಹೋಗುತ್ತಾರೆ’ ಅಂತ ಪೂರ್ತಿ ಮನಸ್ಸು ಬಿಚ್ಚಿ ಮಾತಾಡುವುದಿಲ್ಲ.

ಉಳಿದವರು ಕೈಕಟ್ಟಿ ಕೂತಿಲ್ಲ, ಅದನ್ನೂ ಹೇಳುತ್ತೇನೆ. ಪೆಸಿಫಿಕ್ ವ್ಯಾಪಾರ ಒಪ್ಪಂದವನ್ನು 2017ರಲ್ಲಿ ಅಮೆರಿಕ ಬಿಟ್ಟಾಗ ಉಳಿದ 11 ದೇಶಗಳು ಮರುವರ್ಷವೇ ತಾವೇ ಸಹಿ ಹಾಕಿಕೊಂಡವು. ವ್ಯಾಪಾರ ಸಂಸ್ಥೆಯ ಮೇಲ್ಮನವಿ ಪೀಠ ನಿಂತ ಮೇಲೆ ಯುರೋಪಿನವರು ಮತ್ತೆ ಕೆಲವರು 2020ರಲ್ಲಿ ತಾತ್ಕಾಲಿಕ ವ್ಯವಸ್ಥೆ ಮಾಡಿಕೊಂಡರು. ಭಾರತ ಇನ್ನೂ ಅದಕ್ಕೆ ಸೇರಿಲ್ಲ. ಸೇರಬೇಕು ಅನ್ನುವುದು ನನ್ನ ಆಸೆ. 2025ರ ನವೆಂಬರ್‌ನಲ್ಲಿ ಜೊಹಾನ್ಸ್‌ಬರ್ಗ್‌ನ ಜಿ-20ಕ್ಕೆ ಅಮೆರಿಕ ಬರಲೇ ಇಲ್ಲ. ಆಫ್ರಿಕಾದ ನೆಲದಲ್ಲಿ ನಡೆದ ಮೊದಲ ಜಿ-20 ಶೃಂಗಸಭೆ ಅದು. ಬಂದವರು ಮೊದಲ ದಿನವೇ ಹೇಳಿಕೆ ಒಪ್ಪಿಕೊಂಡರು.

ನಮ್ಮ ಒಡ್ಡಿನ ಕತೆ ಮೇಲೆ ಬರೆದಿದ್ದೆನಲ್ಲ. ನೀರು ಇಳಿದ ಮರುವರ್ಷ ಮೇಲಿನ ಕೇರಿಯವರು ವಾಪಸ್ ಬಂದರು. ಎಲ್ಲರೂ ನಕ್ಕೆವು, ಕಾಫಿ ಕುಡಿದೆವು. ಆದರೆ ಆ ವರ್ಷ ಮೊದಲ ಬಾರಿಗೆ ಯಾರೋ ಒಂದು ನೋಟ್‌ಬುಕ್ ತಂದು, ಯಾರ ಮನೆಯಿಂದ ಎಷ್ಟು ಆಳು ಅಂತ ಬರೆದುಕೊಂಡರು. ಆ ನೋಟ್‌ಬುಕ್ ಇನ್ನೂ ಇದೆ. ಹೋದ ವರ್ಷ ಹನ್ನೊಂದು ಮನೆ ಬಂದವು. ಇನ್ನೆರಡು ಮನೆಗೆ ಮಳೆ ಬಿಟ್ಟ ಮೇಲೆ ನಾನೇ ಹೋಗಿ ಕರೆದು ಬರಬೇಕು ಅಂತಿದ್ದೇನೆ.